ತೂಕದೊಡನೆ ಜಗಳ

ಕೋಲಾರದ ಹುತ್ತೂರು ಕಡೆಯಿಂದ ಬೆಂಗಳೂರಿಗೆ ಹೊರಟವರು ಕೆ.ಆರ್. ಪುರದಲ್ಲಿ ಮಾರತ್‌ಹಳ್ಳಿ ದಾರಿ ಹಿಡಿದರೆ ಎಚ್‌ಎಎಲ್ ವಸ್ತುಸಂಗ್ರಹಾಲಯ ದೂರವೇನಲ್ಲ. ಅಲ್ಲಿ ಕಣ್ಣು ಮೊದಲು ಹೋಗುವುದು ಮಾರುತ್ ಜೆಟ್ಟಿನ ಮೇಲೆ: ಚೂಪು ಮೂಗು, ಹಿಂಬಾಗಿದ ರೆಕ್ಕೆ, ರೂಪಿಸಿದವರೆಂದು ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ದೊಡ್ಡ ಹೆಸರು. ಆದರೆ ನಮ್ಮ ವಿಮಾನ ವಿನ್ಯಾಸಕರು ಕೆಲಸ ಕಲಿತದ್ದು ಅದಕ್ಕೂ ಹಿಂದಿನ, ಎರಡೇ ಸೀಟಿನ ತರಬೇತಿ ವಿಮಾನ ಎಚ್‌ಟಿ-2 ಮೇಲೆ.

ಅದರ ವಿನ್ಯಾಸಕ ವಿ.ಎಂ. ಘಾಟಗೆ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಾಯುಬಲ ವಿಜ್ಞಾನಿ ಪ್ರಾಂಟಲ್ ಅವರ ಶಿಷ್ಯ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಎಚ್‌ಎಎಲ್ ಕಾರ್ಖಾನೆಗೆ ಬಂದರು; ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠವನ್ನೂ ಹೇಳಿದರು.

ವಿನ್ಯಾಸಕನ ದಿನದ ಬಹುಪಾಲು ಹೋಗುವುದು ತೂಕದೊಡನೆ ಜಗಳಕ್ಕೆ. ಎಲ್ಲೋ ಒಂದು ಕಿಲೋ ಹೆಚ್ಚಿತೆನ್ನಿ. ಅದನ್ನು ಎತ್ತಲು ರೆಕ್ಕೆ ಹಿಗ್ಗಬೇಕು, ರೆಕ್ಕೆಗೆ ತಕ್ಕ ಎಂಜಿನ್ ಬೇಕು, ಎಂಜಿನ್ನಿಗೆ ಇನ್ನಷ್ಟು ಇಂಧನ, ಇಷ್ಟನ್ನೂ ಹೊರಲು ಗಟ್ಟಿ ಚಕ್ರ. ಕೋಲಾರದ ಅಕ್ಕಸಾಲಿಗೂ ಇಷ್ಟು ಜಿಪುಣತನ ಇರಲಿಕ್ಕಿಲ್ಲ. ತರಬೇತಿ ವಿಮಾನದ ಕಷ್ಟವೇ ಬೇರೆ. ಹೊಸಬ ಹುಡುಗ ಧೊಪ್ಪೆಂದು ಇಳಿಸಿದರೂ ಕಾಲು ಮುರಿಯಬಾರದು. ಅವನು ತಪ್ಪಿದರೆ ಗುರುವಿನ ಕೈಗೂ ಅದೇ ನಿಯಂತ್ರಣ ಸಿಗಬೇಕು. ಎಚ್‌ಟಿ-2 ತುಂಬಬೇಕಿದ್ದದ್ದು ಬಟ್ಟೆ ಹೊದಿಸಿದ ಟೈಗರ್ ಮಾತ್ ವಿಮಾನದ ಜಾಗವನ್ನು; ಇದು ಮಾತ್ರ ಲೋಹದ್ದು.

ಬಲಪರೀಕ್ಷೆ ನೋಡಬೇಕು. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಗ್ಗಿಸುತ್ತದಷ್ಟೆ? ಹಾಗಾಗಿ ರೆಕ್ಕೆಯನ್ನು ಬೋರಲು ಹಾಕಿ ಮರಳು ಚೀಲ ಪೇರಿಸುವುದು ಹಳೆಯ ಕ್ರಮ. ಹಾರಾಟದಲ್ಲಿ ಬೀಳಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟು ತಡೆಯಬೇಕು. ಅದಕ್ಕಿಂತ ತೀರಾ ಹೆಚ್ಚು ತಡೆದರೂ ವಿನ್ಯಾಸಕನಿಗೆ ಸಂತೋಷವಿಲ್ಲ; ಅಲ್ಲಿ ಲೋಹ ದಂಡವಾಯಿತೆಂದೇ ಅರ್ಥ.

1951ರ ಆಗಸ್ಟ್ 5ರಂದು ಎಚ್‌ಟಿ-2 ಹಾರಿತು. ತಯಾರಿಕೆಗೆ ಬಂದಾಗ ಇದ್ದದ್ದು 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ನೂರೈವತ್ತಕ್ಕೂ ಹೆಚ್ಚು ತಯಾರಾದವು, ಕೆಲವು ಘಾನಾಕ್ಕೂ ಹೋದವು. ಇದರ ಬೆನ್ನಿಗೇ ಪುಷ್ಪಕ್, ಕೃಷಕ್, 1964ರಲ್ಲಿ ಜೆಟ್ ತರಬೇತಿಯ ಕಿರಣ್.

ಆದರೆ ಎಂಜಿನ್ನಿನ ಕೊರತೆ ನೀಗಲಿಲ್ಲ: 1961ರಲ್ಲಿ ಹಾರಿದ ಮಾರುತ್‌ಗೆ ಅದರ ಮೈಕಟ್ಟಿಗೆ ತಕ್ಕ ಎಂಜಿನ್ ಕೊನೆವರೆಗೂ ಸಿಗಲಿಲ್ಲ. ತೇಜಸ್ ಕೂಡ 2001ರಲ್ಲಿ ಮೇಲೇರಿದ್ದು ಅಮೆರಿಕದ ಎಂಜಿನ್ ಹೊತ್ತೇ.