ಅಕ್ಷರ ದಾಸೋಹಕ್ಕೆ ಆರೋಗ್ಯದ ಆಸರೆ

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ನಮ್ಮ ಮಠಗಳು ಒಂದೇ ಸೇವೆಯ ಮೂರು ಮುಖಗಳೆಂದು ನಡೆಸಿಕೊಂಡು ಬಂದಿವೆ. ಕರ್ನಾಟಕ ಸರ್ಕಾರವು 2002ರಲ್ಲಿ ಆರಂಭಿಸಿದ ಬಿಸಿಯೂಟದ ಯೋಜನೆಯೂ ‘ಅಕ್ಷರ ದಾಸೋಹ’ವೆಂಬ ಹೆಸರನ್ನೇ ತಾಳಿತು, 2013ರಲ್ಲಿ ಕ್ಷೀರಭಾಗ್ಯವು ಅದರೊಡನೆ ಕೂಡಿಕೊಂಡಿತು.

ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಆರೋಗ್ಯ ಲಭಿಸದು. ಕರಿಹಲಗೆ ಕಾಣದ ಮಗುವನ್ನು ದಡ್ಡನೆಂದೂ, ರಕ್ತಹೀನತೆಯಿಂದ ತೂಕಡಿಸುವ ಮಗುವನ್ನು ಸೋಮಾರಿಯೆಂದೂ ಬಗೆದರೆ ಅದು ಶಾಲೆಯನ್ನೇ ತೊರೆದೀತು. ಇಂಥ ಕುಂದನ್ನು ಮೊದಲು ಗುರುತಿಸಬಲ್ಲವರು ಉಪಾಧ್ಯಾಯರು, ಪರೀಕ್ಷಿಸತಕ್ಕವರು ವೈದ್ಯರು, ಚಿಕಿತ್ಸೆಯನ್ನು ಕಡೆಮುಟ್ಟಿಸತಕ್ಕವರು ತಾಯಿತಂದೆಗಳು. ಮೂವರಲ್ಲಿ ಒಬ್ಬರು ತಪ್ಪಿದರೂ ಕೊಂಡಿ ಕಳಚುವುದು. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು ತಪಾಸಣೆಗೊಳಪಡಿಸುತ್ತವೆ. ತಪಾಸಣೆಯ ಚೀಟಿ ಮಗುವಿನ ಚೀಲದಲ್ಲಿಯೇ ಉಳಿದರೆ ಫಲವೇನು?

ಬೈಯಪ್ಪನಹಳ್ಳಿಗೆ 2011ರಲ್ಲಿ ಮೆಟ್ರೋ, 2022ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ರೈಲು ನಿಲ್ದಾಣ ಬಂದವು. ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆಯು ನೆರೆಯ ಇಂದಿರಾನಗರದಲ್ಲಿಯೇ ಇದೆ. ಆದರೂ ದಿನಗೂಲಿಯ ತಾಯಿಗೆ ಆಸ್ಪತ್ರೆಯ ಸರದಿಯೆಂದರೆ ಒಂದು ದಿನದ ಸಂಬಳದ ನಷ್ಟ. ಆದುದರಿಂದ ಪೋಷಕರ ಸಭೆಯನ್ನು ಸಂಜೆಗೆ ಕರೆಯುವುದು, ಮಗುವಿನೊಡನೆ ಆಸ್ಪತ್ರೆಗೆ ಹೋಗಿಬರಲು ಹಳೆಯ ವಿದ್ಯಾರ್ಥಿಗಳು ಸರದಿಯಂತೆ ಮುಂದಾಗುವುದು ಉಚಿತ. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವರ ಮಾತಿಗೆ ಅಂಥದೇ ಸ್ಥಾನವನ್ನು ಮಠದ ಶಾಲೆಗಳೂ ಕೊಡಬೇಕು.

ಕೊಠಡಿಯ ಗೋಡೆಯ ಮೇಲೆ ದಾನಿಗಳ ಹೆಸರನ್ನು ಕೆತ್ತಿಸಬಹುದು. ಮಗುವಿನ ಕನ್ನಡಕದ ಮೇಲೆ ಕೆತ್ತಿಸಲಾಗದು. ಆದರೆ ಆ ಕನ್ನಡಕವಿಲ್ಲದೆ ಕೊಠಡಿಯಲ್ಲಿ ಬರೆದ ಅಕ್ಷರ ಅದರ ಕಣ್ಣಿಗೆ ಬೀಳದು. ಹೆಸರು ಬಯಸದ ಈ ದಾನವೂ ದಾಸೋಹವೇ.