ಮಾವನವರ ಫಿಯಟ್ಟು ಮಣ್ಣಿಗಿಳಿದುದು

ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕುಳಿತಿರುವ ಗುಮಾಸ್ತರಿಗೆ ಮೋಟಾರು ಪಂದ್ಯದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬೆಳಗಿನ ಲೋಕಲ್ಲಿನಲ್ಲಿ ಎರಡು ಕಾಲೂರಲು ಸ್ಥಳ ದೊರೆತರೆ ಪಂದ್ಯ ಗೆದ್ದೆವೆಂದು ತಿಳಿಯುವವರು ನಾವು. ಆದರೆ ನಂಟರಿಷ್ಟರು ಇರುವವರೆಗೆ ಮನುಷ್ಯನಿಗೆ ತಾನು ಬಯಸದ ವಿದ್ಯೆಗಳೂ ಬರುತ್ತವೆ. ಹಾಗೆ ನಮಗೆ ಬಂದ ವಿದ್ಯೆ ಹಳೆಯ ಕಾರಿನ ಸ್ಪ್ರಿಂಗುಗಳದು. ತಂದವನು ನಮ್ಮ ಭಾವಮೈದ.

ನಮ್ಮ ಮಾವನವರು ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ಹಣ ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಲೆ ಕಾದು, 1984ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿಯನ್ನು ಮನೆಗೆ ತಂದರು. ಕೊನೆಯವರೆಗೂ ಅದನ್ನು ‘ಫಿಯಟ್ಟು’ ಎಂದೇ ಕರೆದರು. ಅವರು ತೀರಿಕೊಂಡ ಮೇಲೆ ಕಾರು ಚೆಂಬೂರಿನ ಕಟ್ಟಡದ ಅಂಗಳದಲ್ಲಿ ಧೂಳು ಹೊದ್ದು ನಿಂತಿತು. ಜಾಗ ತೆರವು ಮಾಡಿರೆಂದು ಸೊಸೈಟಿಯಿಂದ ಪತ್ರ ಬಂತು. ಗುಜರಿಯವನೂ ಬಂದು ಬೆಲೆ ಹೇಳಿಹೋದ. ಆಗ ಭಾವಮೈದ, “ಮಾರುವುದು ಬೇಡ ಭಾವ, ಇದನ್ನು ಆಟೋಕ್ರಾಸಿಗೆ ಇಳಿಸುತ್ತೇನೆ” ಎಂದ.

ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, “ಅವರು ಈ ಕಾರಿನಲ್ಲಿ ನಲವತ್ತು ದಾಟಿ ಹೋದವರಲ್ಲ. ಇವನು ಹಾರಿಸಲು ಹೊರಟಿದ್ದಾನೆ. ನೀವು ಜೊತೆಗಿರುವುದಾದರೆ ಆಗಲಿ. ಆದರೆ ಹುಡುಗನೂ ಕಾರೂ ಹೋದ ಹಾಗೆಯೇ ತಿರುಗಿ ಬರಬೇಕು” ಎಂದರು. ಅಂದಿನಿಂದ ಆ ಕಾರಿನ ಯೋಗಕ್ಷೇಮ ನಮ್ಮ ತಲೆಯ ಮೇಲೆ ಬಿತ್ತು.

ಆಟೋಕ್ರಾಸ್ ಎಂದರೇನೆಂದು ಎರಡು ಮಾತು ಹೇಳಬೇಕು. ಇದು ಕಂಬಳದಂತೆ ಜೋಡಿ ಓಟವಲ್ಲ. ಬಯಲಿನಲ್ಲಿ ಗುರುತು ನೆಟ್ಟು ಅಂಕುಡೊಂಕಿನ ದಾರಿ ಮಾಡಿರುತ್ತಾರೆ. ಒಂದೊಂದೇ ಕಾರು ಗಡಿಯಾರದೊಡನೆ ಓಡಬೇಕು. ಗುರುತು ಬೀಳಿಸಿದರೆ ದಂಡವಾಗಿ ಸೆಕೆಂಡುಗಳು ಸೇರುತ್ತವೆ. ಅಮೆರಿಕೆಯಲ್ಲಿ ಇದು ಡಾಂಬರಿನ ಅಂಗಳಗಳಲ್ಲಿ ನಡೆಯುತ್ತದೆ, ನಮ್ಮಲ್ಲಿ ಹೆಚ್ಚಾಗಿ ಮಣ್ಣಿನ ಮೇಲೆ. ಕೊಡಗಿನಲ್ಲಂತೂ ಭತ್ತದ ಕೊಯಿಲಾದ ಗದ್ದೆಗಳಲ್ಲೇ ನಡೆಸುತ್ತಾರೆ. ಇಲ್ಲಿ ವೇಗ ಮುಖ್ಯವಲ್ಲ, ತಿರುವು ಮುಖ್ಯ. ತಿರುವಿನಲ್ಲಿ ಕಾರನ್ನು ನೆಲಕ್ಕೆ ಅಂಟಿಸಿ ನಿಲ್ಲಿಸುವುದು ಎಂಜಿನ್ನಲ್ಲ, ಸಸ್ಪೆನ್ಷನ್ನು.

ಫಿಯಟ್ಟು ಸ್ಪೋರ್ಟ್ಸ್ ಕಾರೇ ಎಂದು ನಗುವವರುಂಟು. ಅದರ ಮೂಲ ನೋಡಿದರೆ ನಗು ನಿಲ್ಲುತ್ತದೆ. ಈ 1100 ಮಾದರಿಯನ್ನು ಇಟಲಿಯವರು 1953ರಲ್ಲಿ ಹೊರತಂದಾಗ ‘ಟೂರಿಸ್ಮೊ ವೆಲೋಚೆ’ ಎಂಬ ಚುರುಕಿನ ತಮ್ಮನೊಬ್ಬನೂ ಅದಕ್ಕಿದ್ದ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸಿನವರು ನಮ್ಮ ಕುರ್ಲಾದಲ್ಲೇ ಇದನ್ನು ತಯಾರಿಸಿದರು. ಪದ್ಮಿನಿ ಎಂಬ ಹೆಸರು ಬಂದುದು 1974ರಲ್ಲಿ. 1089 ಸಿ.ಸಿ. ಎಂಜಿನ್ನು, ಸುಮಾರು 900 ಕಿಲೋ ತೂಕ. ಹಿಂದೆ ಜುಹೂ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಮೋಟಾರು ಪಂದ್ಯಗಳು ನಡೆಯುತ್ತಿದ್ದ ಕಾಲವಿತ್ತು; ಮದರಾಸಿನ ಬಳಿಯ ಶೋಲಾವರಂನಲ್ಲಿ ಫಿಯಟ್ಟುಗಳು ಪಳಗಿದ ಓಟಗಾರರಾಗಿದ್ದವು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮಾತ್ರ ಇದನ್ನು ಕಂಡವರಿಗೆ ಆ ಪೂರ್ವಾಶ್ರಮ ತಿಳಿಯದು. 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಇಪ್ಪತ್ತು ವರ್ಷದ ಅವಧಿ ಮುಗಿಸಿ 2023ರ ಅಕ್ಟೋಬರಿನಲ್ಲಿ ನಿವೃತ್ತಿ ಹೊಂದಿತು.

ಈ ಕಾರಿನ ಮುಂದಿನ ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುತ್ತವೆ. ಪ್ರತಿಯೊಂದಕ್ಕೂ ಮೇಲೊಂದು ಕೆಳಗೊಂದು ತೋಳು, ನಡುವೆ ಸುರುಳಿ ಸ್ಪ್ರಿಂಗು. ಹಿಂದಿನವೆರಡು ಒಂದೇ ಅಚ್ಚಿಗೆ ಸೇರಿದ್ದು, ಲಾರಿಯಲ್ಲಿರುವಂತೆ ಕಮಾನು ಪಟ್ಟಾಗಳ ಮೇಲೆ ಕುಳಿತಿವೆ. ಸ್ಪ್ರಿಂಗು ಭಾರ ಹೊರುತ್ತದೆ; ಅದರ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರು.

ಗೆಳೆಯರೊಬ್ಬರು ಹೇಳಿದರು, “ಪಂದ್ಯದ ಕಾರು ಗಟ್ಟಿಯಾಗಿರಬೇಕು, ಹಿಂದಕ್ಕೆ ಒಂದೊಂದು ಪಟ್ಟಾ ಹೆಚ್ಚಿಗೆ ಹಾಕಿಸಿ.” ಮಾತು ನಮಗೂ ಸರಿಯೆನ್ನಿಸಿತು. ಎರಡು ಪಟ್ಟಾ ಹಾಕಿಸಿ, ಪನ್ವೇಲಿನಾಚೆ ಪರಿಚಿತರ ಸಮತಟ್ಟಾದ ಮುರುಮಿನ ಜಾಗದಲ್ಲಿ ಡಬ್ಬಗಳನ್ನು ಸಾಲಾಗಿಟ್ಟು ಓಡಿಸಿದೆವು. ಪಟ್ಟಾ ಹಾಕುವ ಮೊದಲು ಒಂದು ಸುತ್ತಿಗೆ 74 ಸೆಕೆಂಡು ಹಿಡಿಯುತ್ತಿತ್ತು, ಹಾಕಿದ ಮೇಲೆ 77. ಮೂರನೆಯ ಸುತ್ತಿನಲ್ಲಿ ಬಾಲ ಜಾರಿ, ಕಾರು ಗಿರ್ರನೆ ತಿರುಗಿ ಬೇಲಿಗೆ ಒಂದು ಮಾರು ದೂರದಲ್ಲಿ ನಿಂತಿತು. ಭಾವಮೈದ ನಗುತ್ತಲೇ ಇಳಿದ. ನಮಗೆ ಮಾತ್ರ ಅತ್ತೆಯವರ ಮಾತು ಕಿವಿಯಲ್ಲಿ ಮೊಳಗಿ ಕೈಕಾಲು ತಣ್ಣಗಾದವು.

ಕಾರು ಬಿಡಲು ಬಾರದ ನಾವು ಅಂದು ಮಾಡಿದ ಉಪಕಾರ ಒಂದೇ: ದೂರ ನಿಂತು ನೋಡಿದುದು. ಎಡಕ್ಕೆ ತಿರುಗುವಾಗ ಹಿಂದಿನ ಎಡಚಕ್ರ ಮಾತ್ರ ಧೂಳೆಬ್ಬಿಸುತ್ತಿತ್ತು, ಬಲಕ್ಕೆ ತಿರುಗಿದರೆ ಬಲಚಕ್ರ. ಯಾವಾಗಲೂ ಒಳಗಿನದೇ. ಇದನ್ನು ಪುಸ್ತಕದಲ್ಲಿ ಬರೆದುಕೊಂಡು, ಕುರ್ಲಾದಲ್ಲಿ ನಲವತ್ತು ವರ್ಷ ಫಿಯಟ್ಟುಗಳನ್ನೇ ಬಿಚ್ಚಿ ಕಟ್ಟಿದ ಒಬ್ಬ ಹಿರಿಯ ಮೇಸ್ತ್ರಿಯವರಲ್ಲಿಗೆ ಹೋದೆವು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ.

ಚಾಚಾ ವಿವರಿಸಿದ್ದು ಹೀಗೆ. ತಿರುವಿನಲ್ಲಿ ಕಾರಿನ ಭಾರ ಹೊರಮಗ್ಗುಲಿಗೆ ವಾಲುತ್ತದೆ. ಮುಂಭಾಗಕ್ಕಿಂತ ಹಿಂಭಾಗ ಬಿಗಿಯಾದರೆ ಆ ವಾಲುವ ಭಾರದಲ್ಲಿ ಹೆಚ್ಚಿನ ಪಾಲು ಹಿಂದಿನ ಹೊರಚಕ್ರದ ಮೇಲೆ ಬೀಳುತ್ತದೆ. ಒಳಚಕ್ರ ಹಗುರಾಗಿ ನೆಲದ ಹಿಡಿತ ಬಿಡುತ್ತದೆ. ಫಿಯಟ್ಟಿನ ಎಂಜಿನ್ನು ತಿರುಗಿಸುವುದು ಹಿಂದಿನ ಚಕ್ರಗಳನ್ನು. ಅವುಗಳ ನಡುವೆ ಬಲ ಹಂಚುವ ಡಿಫರೆನ್ಷಿಯಲ್ಲಿಗೆ ಒಂದು ದುರ್ಬುದ್ಧಿಯಿದೆ: ಒಂದು ಚಕ್ರ ಹಿಡಿತ ತಪ್ಪಿ ಸುಮ್ಮನೆ ತಿರುಗತೊಡಗಿದರೆ ಇನ್ನೊಂದಕ್ಕೂ ಬಲ ಸಿಗದು. ಹೀಗೆ ಎಂಜಿನ್ನಿನ ಶಕ್ತಿಯೆಲ್ಲ ಧೂಳಿಗೆ ಹೋಯಿತು. ಅತಿಭಾರ ಬಿದ್ದ ಹೊರಚಕ್ರವೂ ಜಾರಿತು. ಹೊಂಡ ದಿಣ್ಣೆಗಳ ನೆಲದಲ್ಲಿ ಬಿಗಿ ಸ್ಪ್ರಿಂಗು ಚಕ್ರವನ್ನು ಪುಟಿಸುತ್ತದೆ. ಗಾಳಿಯಲ್ಲಿರುವ ಚಕ್ರ ಕಾರನ್ನು ತಿರುಗಿಸಲೂ ಆರದು, ನಿಲ್ಲಿಸಲೂ ಆರದು.

“ಪಟ್ಟಾ ತೆಗೆಯಿರಿ. ಮೊದಲು ಮುದುಕಿಯ ಕೀಲುನೋವು ನೋಡೋಣ” ಎಂದರು ಚಾಚಾ.

ಕೀಲುನೋವು ಎಲ್ಲೆಲ್ಲೂ ಇತ್ತು. ಮುಂದಿನ ತೋಳುಗಳ ಬುಶ್ಶುಗಳು ಸವೆದಿದ್ದವು, ಪಟ್ಟಾದ ತುದಿಯ ರಬ್ಬರು ಒಣಗಿ ಬಿರಿದಿತ್ತು, ಕಿಂಗ್‌ಪಿನ್ನುಗಳು ಗ್ರೀಸಿನ ಮುಖ ಕಂಡು ಎಷ್ಟು ಕಾಲವಾಗಿತ್ತೋ. ಬುಶ್ಶು ಸಡಿಲವಾದರೆ ಸ್ಟಿಯರಿಂಗು ಒಂದು ಹೇಳುತ್ತದೆ, ಚಕ್ರ ಇನ್ನೊಂದು ಮಾಡುತ್ತದೆ. ಶಾಕ್ ಅಬ್ಸಾರ್ಬರಿನ ಪರೀಕ್ಷೆಯನ್ನು ವಾಚಕರು ಮನೆಯಂಗಳದಲ್ಲೇ ಮಾಡಬಹುದು. ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ಸುಮ್ಮನಾದರೆ ಸರಿ, ತೊಟ್ಟಿಲಿನಂತೆ ತೂಗಿದರೆ ಅದರ ಆಯುಸ್ಸು ಮುಗಿಯಿತು. ನಮ್ಮದು ನಾಲ್ಕೂ ತೊಟ್ಟಿಲೇ. ಅವನ್ನೆಲ್ಲ ಬದಲಿಸಿದ ಮೇಲೆ ಚಾಚಾ ಕಾರಿನ ಎರಡು ಪಕ್ಕಕ್ಕೂ ದಾರ ಕಟ್ಟಿ, ಮುಂದಿನ ಚಕ್ರಗಳ ಮುಂಭಾಗದ ಅಂತರ ಹಿಂಭಾಗಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುವಂತೆ ಕೂರಿಸಿದರು.

ಇಲ್ಲಿಂದ ಮುಂದೆ ನಮ್ಮ ಗುಮಾಸ್ತಿಕೆ ಉಪಯೋಗಕ್ಕೆ ಬಂತು. ಭಾವಮೈದನದು ಒಂದೇ ದಿನ ನಾಲ್ಕು ಬದಲಾವಣೆ ಮಾಡುವ ಆತುರ. ನಾಲ್ಕು ಒಟ್ಟಿಗೆ ಮಾಡಿದರೆ ಗುಣ ಯಾವುದರದು, ದೋಷ ಯಾವುದರದು? ಆದ್ದರಿಂದ ನಿಯಮ ಮಾಡಿದೆವು: ಒಂದು ಸಲಕ್ಕೆ ಒಂದೇ ಬದಲಾವಣೆ, ಮೂರು ಸುತ್ತು ಓಟ, ಪುಸ್ತಕದಲ್ಲಿ ನಮೂದು. ಬುಶ್ಶು, ಶಾಕ್ ಅಬ್ಸಾರ್ಬರು ಬದಲಾದ ಮೇಲೆ ಬಂದ ಸಮಯ 71 ಸೆಕೆಂಡು. ಟೈರಿನ ಗಾಳಿ 28 ಪೌಂಡಿನಿಂದ 24ಕ್ಕೆ ಇಳಿದಾಗ ನೆಲಕ್ಕೆ ತಾಗುವ ಮೈ ಹೆಚ್ಚಿ 69 ಆಯಿತು. ಇನ್ನೂ ಇಳಿಸೋಣವೆಂದು 20 ಮಾಡಿದರೆ ಟೈರು ಪಕ್ಕಕ್ಕೆ ಮಡಚಿಕೊಂಡು ಪುನಃ 72. ಮರಳಿ 24ಕ್ಕೇ ಬಂದೆವು. ಹಿಂದಿನ ಸೀಟಿನ ಕೆಳಗೆ ಮಾವನವರು ಇಟ್ಟಿದ್ದ ಹಳೆಯ ಸಾಮಾನಿನ ಪೆಟ್ಟಿಗೆಯನ್ನೂ, ಡಿಕ್ಕಿಯ ನೀರಿನ ಡಬ್ಬವನ್ನೂ ಇಳಿಸಿದೆವು. ಕಾರಿನ ಮೈಯನ್ನು ಮಾತ್ರ ತಗ್ಗಿಸಲಿಲ್ಲ. ಮಣ್ಣಿನ ನೆಲದಲ್ಲಿ ಹೊಟ್ಟೆ ಉಜ್ಜಿದರೆ ಗತಿಯೇನು?

ಪಂದ್ಯ ನಡೆದುದು ಕಳೆದ ಮಾಗಿಯ ಒಂದು ಭಾನುವಾರ. ಓಟಕ್ಕೆ ಮುನ್ನ ತಪಾಸಣೆಯವರು ಹೆಲ್ಮೆಟ್ಟು, ಸೀಟಿನ ಪಟ್ಟಿ, ಬ್ಯಾಟರಿಯ ಬಿಗಿ, ಬ್ರೇಕು ಎಲ್ಲವನ್ನೂ ನಮ್ಮ ಕಚೇರಿಯ ಲೆಕ್ಕತಪಾಸಣೆಯವರಿಗಿಂತ ಕಟ್ಟುನಿಟ್ಟಾಗಿ ನೋಡಿದರು. ಅದು ನಮಗೆ ಬಹಳ ಸಮಾಧಾನವನ್ನಿತ್ತಿತು. ಸುತ್ತಲೂ ನಮ್ಮದಕ್ಕಿಂತ ಇಪ್ಪತ್ತು ಮೂವತ್ತು ವರ್ಷ ಕಿರಿಯ ಕಾರುಗಳು. ಫಿಯಟ್ಟು ಹೊರಟಾಗ ಯಾರೋ ಟ್ಯಾಕ್ಸಿ ಎಂದು ಕೂಗಿದರು. ನಮ್ಮ ಕಣ್ಣು ಹಿಂದಿನ ಚಕ್ರಗಳ ಮೇಲೆ. ಮೊದಲ ತಿರುವಿನಲ್ಲಿ ಎರಡೂ ಕಡೆಯಿಂದ ಸಮನಾಗಿ ಧೂಳೆದ್ದಿತು. ಎದೆ ಹಗುರಾಯಿತು. ಹದಿನೇಳು ಕಾರುಗಳಲ್ಲಿ ನಮ್ಮದಕ್ಕೆ ಒಂಬತ್ತನೆಯ ಸ್ಥಾನ. ಬಹುಮಾನವಿಲ್ಲ, ಆದರೆ ಕೂಗಿದ ಮಹಾಶಯರ ಕಾರು ಹನ್ನೊಂದನೆಯದು.

ಟೈರಿಗೆ ಪುನಃ ಗಾಳಿ ತುಂಬಿಸಿ ಅದೇ ಕಾರಿನಲ್ಲಿ ಚೆಂಬೂರಿಗೆ ಬಂದೆವು. ಅತ್ತೆಯವರು ಕೆಳಗಿಳಿದು ಬಂದು ಮೊದಲು ಮಗನನ್ನು, ಆಮೇಲೆ ಕಾರನ್ನು ಸುತ್ತಿ ಸುತ್ತಿ ನೋಡಿದರು. ಕೊನೆಗೆ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕುಳಿತು, “ಒಂದು ಸುತ್ತು ಮಾಟುಂಗದವರೆಗೆ ಹೋಗಿ ಬರೋಣ. ನಿಧಾನವಾಗಿ” ಎಂದರು. ಸಯಾನ್ ಬಳಿಯ ಹೊಂಡಗಳನ್ನು ದಾಟುವಾಗ, “ಅವರು ಇದ್ದಾಗಲೂ ಇಷ್ಟು ಮೆತ್ತಗೆ ಹೋಗುತ್ತಿರಲಿಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ನಮ್ಮ ಸಂಘದ ಸದಸ್ಯರಲ್ಲಿ ಯಾರ ಅಂಗಳದಲ್ಲಾದರೂ ಇಂತಹ ಹಳೆಯ ಫಿಯಟ್ಟು ನಿಂತಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಒಂದು ಸಲ ಬುಶ್ಶುಗಳನ್ನು ನೋಡಿಸಬೇಕಾಗಿ ವಿನಂತಿ. ಪುಸ್ತಕ ನಮ್ಮಲ್ಲಿದೆ, ಬೇಕಾದವರಿಗೆ ಕೊಡುತ್ತೇವೆ.