ಡಿಸ್ಟ್ರಿಬ್ಯೂಟರ್‌ಗೆ ಕೈಹಾಕುವ ಮುನ್ನ

ಹಳೆಯ ಪೆಟ್ರೋಲ್ ಅಂಬಾಸಿಡರ್ ಪಿಕಪ್ ಕಳೆದುಕೊಂಡರೆ, ಅಥವಾ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಕಟಕಟನೆ ನಾಕ್ ಮಾಡಿದರೆ, ಸ್ಪ್ಯಾನರ್ ಮೊದಲು ಹೋಗುವುದು ಡಿಸ್ಟ್ರಿಬ್ಯೂಟರಿನ ಕ್ಲಾಂಪ್ ಬೋಲ್ಟಿಗೆ. ಅದನ್ನು ಸಡಿಲಿಸಿ, ತುಸು ಅತ್ತಿತ್ತ ತಿರುಗಿಸಿ, ಇಂಜಿನ್ನಿನ ಸದ್ದು ಹಗುರಾದಲ್ಲಿ ಬಿಗಿದರೆ ಟೈಮಿಂಗ್ ಸರಿಹೋಯಿತು ಎಂದು ಲೆಕ್ಕ. ಆದರೆ ಡಿಸ್ಟ್ರಿಬ್ಯೂಟರ್ ತಿರುಗಿಸುವುದು ಈ ತಪಾಸಣೆಯಲ್ಲಿ ಕಟ್ಟಕಡೆಗೆ ಬರಬೇಕಾದ ಕೆಲಸ. ಮೊದಲಿಗೇ ಮಾಡಿದರೆ ದೋಷ ಹೋಗುವುದಿಲ್ಲ, ಬರೀ ಕಣ್ಣಿಗೆ ಬೀಳದಂತಾಗುತ್ತದೆ.

ಕಾರಣ ಇರುವುದು ಬೆಂಕಿಯ ವೇಗದಲ್ಲಿ. ಪ್ಲಗ್ಗಿನ ಕಿಡಿಗೆ ಸಿಲಿಂಡರಿನ ಪೆಟ್ರೋಲ್ ಆವಿ ಒಮ್ಮೆಲೇ ಸಿಡಿಯುವುದಿಲ್ಲ. ಜ್ವಾಲೆ ಈ ತುದಿಯಿಂದ ಆ ತುದಿಗೆ ಹಬ್ಬಲು ಸುಮಾರು ಎರಡು ಮಿಲಿಸೆಕೆಂಡ್ ಬೇಕು. ಪಿಸ್ಟನ್ ತುತ್ತತುದಿ ದಾಟಿ ಹತ್ತು ಹದಿನೈದು ಡಿಗ್ರಿ ಇಳಿಯುವ ಹೊತ್ತಿಗೆ ಒತ್ತಡ ಗರಿಷ್ಠವಾಗಿದ್ದರೆ ಶಕ್ತಿ ಚೆನ್ನಾಗಿ ಸಿಗುತ್ತದೆ, ಆದ್ದರಿಂದ ಪಿಸ್ಟನ್ ಇನ್ನೂ ಏರುತ್ತಿರುವಾಗಲೇ ಕಿಡಿ ಹಾರಬೇಕು. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಆ ಎರಡು ಮಿಲಿಸೆಕೆಂಡಿಗೆ ಕ್ರ್ಯಾಂಕ್ ತಿರುಗುವುದು ಹತ್ತು ಡಿಗ್ರಿಯಷ್ಟು. 3000 ಸುತ್ತಿನಲ್ಲಿ 36 ಡಿಗ್ರಿ. ವೇಗ ಹೆಚ್ಚಿದಂತೆ ಒಳಗಿನ ಗಾಳಿಯ ಸುಳಿ ಉರಿಯನ್ನೂ ಚುರುಕುಗೊಳಿಸುವುದರಿಂದ ವ್ಯತ್ಯಾಸ ಪೂರ್ತಿ ಅಷ್ಟಾಗದು. ಆದರೂ ಎಲ್ಲ ವೇಗಕ್ಕೂ ಒಂದೇ ಟೈಮಿಂಗ್ ಒಗ್ಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಹಾಗಾಗಿಯೇ ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎರಡು ತೂಕದ ತುಂಡುಗಳೂ ಸ್ಪ್ರಿಂಗುಗಳೂ ಇವೆ. ವೇಗ ಏರಿದಂತೆ ತೂಕಗಳು ಹೊರಚಾಚಿ ಕಿಡಿಯನ್ನು ಮುಂಚಿತಗೊಳಿಸುತ್ತವೆ. ಕಡಿಮೆ ಭಾರದ ಓಟದಲ್ಲಿ ವ್ಯಾಕ್ಯೂಮ್ ಡಯಾಫ್ರಮ್ ಇನ್ನಷ್ಟು ಸೇರಿಸುತ್ತದೆ. ಬೋಲ್ಟ್ ಸಡಿಲಿಸಿ ತಿರುಗಿಸಿದಾಗ ಬದಲಾಗುವುದು ಈ ಇಡೀ ಏರ್ಪಾಟಿನ ಆರಂಭದ ಬಿಂದು ಮಾತ್ರ. ತೂಕ ತುಕ್ಕು ಹಿಡಿದು ಕೂತಿದ್ದರೆ, ಡಯಾಫ್ರಮ್ ಹರಿದಿದ್ದರೆ, ಐಡ್ಲಿಂಗ್‌ನಲ್ಲಿ ಎಷ್ಟು ಚಂದ ಹೊಂದಿಸಿದರೂ ಹೆದ್ದಾರಿಯಲ್ಲಿ ಕಿಡಿ ತಡವೇ.

ಇನ್ನು ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್. ಇದರ ಗ್ಯಾಪ್ ಬೇರೆ, ಟೈಮಿಂಗ್ ಬೇರೆ ಎಂದು ತಿಳಿಯುವುದರಿಂದಲೇ ಹೆಚ್ಚಿನ ಎಡವಟ್ಟುಗಳು ಹುಟ್ಟುತ್ತವೆ. ಕಿಡಿ ಹಾರುವುದು ಪಾಯಿಂಟ್ ತೆರೆದು ಕಾಯಿಲ್‌ನ ಕರೆಂಟ್ ಕಡಿದ ಗಳಿಗೆಯಲ್ಲಿ. ಗ್ಯಾಪ್ ಹಿಗ್ಗಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕುಗ್ಗಿದರೆ ತಡವಾಗಿ. ಕ್ಯಾಮಿನ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ದಿನಕಳೆದಂತೆ ಸವೆಯುವುದರಿಂದ ಗ್ಯಾಪ್ ಕುಗ್ಗುತ್ತ ಟೈಮಿಂಗ್ ತಾನಾಗಿಯೇ ಹಿಂದೆ ಬೀಳುತ್ತದೆ. ಲೆಕ್ಕವೂ ಅಚ್ಚುಕಟ್ಟು: ಪಾಯಿಂಟ್ ಮುಚ್ಚಿರುವ ಕೋನ, ಅಂದರೆ ಡ್ವೆಲ್, ಒಂದು ಡಿಗ್ರಿ ಹೆಚ್ಚಿದರೆ ಕಿಡಿ ಕ್ರ್ಯಾಂಕಿನ ಒಂದು ಡಿಗ್ರಿಯಷ್ಟು ತಡವಾಗುತ್ತದೆ. ಈಗ ಡಿಸ್ಟ್ರಿಬ್ಯೂಟರ್ ತಿರುಗಿಸಿ ಆ ತಡವನ್ನು ತುಂಬಿ, ಮುಂದಿನ ತಿಂಗಳು ಹೊಸ ಪಾಯಿಂಟ್ ಹಾಕಿ ಗ್ಯಾಪ್ ಸರಿಯಾಗಿಟ್ಟರೆ, ಟೈಮಿಂಗ್ ವಿಪರೀತ ಮುಂದೆ ಹೋಗಿ ನಾಕಿಂಗ್ ಶುರು. ಆದುದರಿಂದ ಮೊದಲು ಫೀಲರ್ ಗೇಜ್. ಲ್ಯೂಕಾಸ್ ಡಿಸ್ಟ್ರಿಬ್ಯೂಟರಿಗೆ 0.014ರಿಂದ 0.016 ಇಂಚು. ಗ್ಯಾಪ್ ಇಟ್ಟ ಮೇಲೂ ಟೈಮಿಂಗ್ ಲೈಟಿನಡಿ ಪುಲ್ಲಿಯ ಗುರುತು ಒಂದೆಡೆ ನಿಲ್ಲದೆ ಕುಣಿಯುತ್ತಿದ್ದರೆ ಶಾಫ್ಟಿನ ಬುಷ್ ಸವೆದಿರುವ ಸಂಭವವೇ ಹೆಚ್ಚು. ಕುಣಿಯುವ ಗುರುತಿಗೆ ಯಾವ ಹೊಂದಾಣಿಕೆಯೂ ಹೊಂದುವುದಿಲ್ಲ.

ಹಳೆಯ ಮೇಸ್ತ್ರಿಗಳು ಲೈಟೂ ಗೇಜೂ ಇಲ್ಲದೆ ಕಿವಿಯಿಂದಲೇ ಹೊಂದಿಸುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಹೊಂದಿಸುತ್ತಿದ್ದರು, ಅದು ದೊಡ್ಡ ವಿದ್ಯೆಯೇ. ಆದರೆ ಬಲ್ಲವರು ಕಿವಿಗೊಡುತ್ತಿದ್ದುದು ಭಾರ ಹೊತ್ತು ಏರು ಹತ್ತುವ ಇಂಜಿನ್ನಿಗೆ, ನಿಂತಲ್ಲಿ ಗುನುಗುವ ಇಂಜಿನ್ನಿಗಲ್ಲ. ಐಡ್ಲಿಂಗ್‌ನಲ್ಲಿ ಟೈಮಿಂಗ್ ಬೇಕಾದ್ದಕ್ಕಿಂತ ಮುಂದೆ ಹೋದರೂ ವೇಗ ಏರುತ್ತಲೇ ಇರುತ್ತದೆ, ಕಿವಿಗೆ ಹಿತವಾಗಿಯೇ ಕೇಳುತ್ತದೆ. ಅತಿವೇಗದ ನಾಕಿಂಗ್ ಅಂತೂ ಇಂಜಿನ್ನಿನ ಗದ್ದಲದಲ್ಲಿ ಯಾವ ಕಿವಿಗೂ ಸಿಗದೆ ಪಿಸ್ಟನ್ನನ್ನು ತಿನ್ನಬಲ್ಲದು. ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿದರೆ ಈ ತಲೆನೋವೇ ಇಲ್ಲ ಎನ್ನುವುದು ಅರ್ಧ ಸತ್ಯ. ಗ್ಯಾಪಿನ ಕಾಟ ತಪ್ಪುತ್ತದೆ ನಿಜ. ಡಿಸ್ಟ್ರಿಬ್ಯೂಟರಿನೊಳಗೇ ಕೂರುವ ಕಿಟ್ಟಿನಲ್ಲಿ ತೂಕ, ಸ್ಪ್ರಿಂಗ್, ಡಯಾಫ್ರಮ್ ಹಳೆಯವೇ ಉಳಿಯುತ್ತವೆ. ಇವೆರಡಕ್ಕಿಂತ ಗಟ್ಟಿಯಾದ ತಕರಾರು ಪೆಟ್ರೋಲಿನದು. ಕೈಪಿಡಿಯ ಅಂಕಿ ಅಂದಿನ ಇಂಧನಕ್ಕೆ ಕೊಟ್ಟದ್ದು; ಇಂದಿನ ಸಾಧಾರಣ ಪೆಟ್ರೋಲಿನ ಆಕ್ಟೇನ್ ಅಂದಿನದಕ್ಕಿಂತ ಹೆಚ್ಚು, ಜೊತೆಗೆ ಎಥೆನಾಲ್ ಬೇರೆ. ಒಪ್ಪಬೇಕಾದ ಮಾತು: ನಾಕ್ ಬರದಿದ್ದರೆ ಕೈಪಿಡಿಗಿಂತ ಒಂದೆರಡು ಡಿಗ್ರಿ ಮುಂದಿಟ್ಟು ನೋಡುವುದು ತಪ್ಪಲ್ಲ. ಆದರೆ ಎಷ್ಟು ಮುಂದಿಟ್ಟೆವು ಎಂದು ಹೇಳಲು ಅಳತೆಯ ಬುಡ ಗಟ್ಟಿಯಾಗಿರಬೇಕಲ್ಲ?

ಡಿಸ್ಟ್ರಿಬ್ಯೂಟರ್ ತಿರುಗಿಸಿ ಮುಚ್ಚಿಹಾಕುವ ದೋಷಗಳಲ್ಲಿ ದುಬಾರಿಯಾದದ್ದು ಟೈಮಿಂಗ್ ಚೈನ್. ಈ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ಶಾಫ್ಟಿನಿಂದ, ಕ್ಯಾಮ್‌ಶಾಫ್ಟ್ ತಿರುಗುವುದು ಚೈನಿನಿಂದ. ಚೈನ್ ಸವೆದು ಉದ್ದವಾದರೆ ಕಿಡಿಯೂ ವಾಲ್ವೂ ಒಟ್ಟಿಗೇ ತಡವಾಗುತ್ತವೆ. ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಕಿಡಿ ಮಾತ್ರ ತನ್ನ ಜಾಗಕ್ಕೆ ಬರುತ್ತದೆ. ಟೈಮಿಂಗ್ ಲೈಟ್ ಎಲ್ಲ ಸರಿಯಿದೆ ಎನ್ನುತ್ತದೆ, ವಾಲ್ವುಗಳು ತಡವಾಗಿಯೇ ತೆರೆಯುತ್ತಿರುತ್ತವೆ, ಪಿಕಪ್ ಬರುವುದೇ ಇಲ್ಲ. ಪರೀಕ್ಷೆ ಮಾತ್ರ ಸುಲಭ. ಕೀಲಿ ತೆಗೆದು, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಪುಲ್ಲಿಯನ್ನು ಸ್ಪ್ಯಾನರಿನಿಂದ ಒಂದು ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಬಳಿಕ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ರೋಟರನ್ನೇ ನೋಡುತ್ತಿರಿ. ಅದು ಅಲುಗುವ ಮೊದಲೇ ಪುಲ್ಲಿ ಹತ್ತಾರು ಡಿಗ್ರಿ ಖಾಲಿ ತಿರುಗಿದರೆ ಬಿಚ್ಚಬೇಕಾದದ್ದು ಕ್ಲಾಂಪ್ ಬೋಲ್ಟನ್ನಲ್ಲ, ಚೈನಿನ ಮುಂದಿನ ಕವರನ್ನು.